ಫ್ಲೈಟ್ ಪ್ಲಾನ್ ಇದೆ, ಟ್ರ್ಯಾಕರ್ ಇದೆ, ಆದರೆ ನೋಡೋರು ಯಾರು?

2007ರ ಸೆಪ್ಟೆಂಬರ್ 3ರ ಬೆಳಿಗ್ಗೆ ಸ್ಟೀವ್ ಫಾಸೆಟ್ ಅಮೆರಿಕದ ನೆವಾಡಾದ ಒಂದು ರಾಂಚ್‌ನಿಂದ ಎರಡು ಸೀಟಿನ ವಿಮಾನದಲ್ಲಿ ಒಬ್ಬರೇ ಹೊರಟರು. ಬಲೂನಿನಲ್ಲಿ ಒಂಟಿಯಾಗಿ ಭೂಮಿ ಸುತ್ತಿದ್ದವರು, ಆಮೇಲೆ ವಿಮಾನದಲ್ಲೂ ಎಲ್ಲೂ ಇಳಿಯದೆ ಒಂದು ಸುತ್ತು ಹಾಕಿ ಬಂದಿದ್ದವರು. ಅವತ್ತಿನದು ಅಂಥ ಸಾಹಸವೇನಲ್ಲ, ಸುಮ್ನೆ ಒಂದು ರೌಂಡ್, ಮಧ್ಯಾಹ್ನಕ್ಕೆ ವಾಪಸ್. ಯಾವ ದಾರಿಯಲ್ಲಿ ಎಲ್ಲಿಗೆ ಹೋಗ್ತೀನಿ, ಎಷ್ಟು ಹೊತ್ತಿಗೆ ಇಳಿಯುತ್ತೀನಿ ಅಂತ ಮೊದಲೇ ಬರೆದುಕೊಡುವ ಫ್ಲೈಟ್ ಪ್ಲಾನ್ ಫೈಲ್ ಮಾಡಿರಲಿಲ್ಲ. ಮಾಡಲೇಬೇಕೆಂಬ ನಿಯಮವೂ ಇರಲಿಲ್ಲ.

ಅವರು ವಾಪಸ್ ಬರಲಿಲ್ಲ. ಸ್ವಯಂಸೇವಕರ ಪಡೆಯಾದ ಸಿವಿಲ್ ಏರ್ ಪ್ಯಾಟ್ರೋಲ್‌ನ ವಿಮಾನಗಳು ವಾರಗಟ್ಟಲೆ ಹುಡುಕಿದವು. ಉಪಗ್ರಹ ಚಿತ್ರಗಳನ್ನು ಇಂಟರ್ನೆಟ್‌ಗೆ ಹಾಕಿದರು, ಸಾವಿರಾರು ಜನ ಮನೆಯಲ್ಲಿ ಕೂತು ಒಂದೊಂದೇ ಚಿತ್ರವನ್ನು ಜಾಲಾಡಿದರು. ಹಾಗೆ ಹುಡುಕುವಾಗ ಬೇರೆ ಯಾರ್ಯಾರದೋ ಹಳೇ ವಿಮಾನಗಳ ಅವಶೇಷ ಸಿಕ್ಕವು, ಫಾಸೆಟ್ ಅವರದ್ದು ಮಾತ್ರ ಸಿಗಲಿಲ್ಲ. ಒಂದು ವರ್ಷ ಕಳೆದ ಮೇಲೆ ಕ್ಯಾಲಿಫೋರ್ನಿಯಾದ ಮ್ಯಾಮತ್ ಲೇಕ್ಸ್ ಹತ್ತಿರದ ಬೆಟ್ಟದಲ್ಲಿ ನಡೆದು ಹೋಗುತ್ತಿದ್ದ ಒಬ್ಬರಿಗೆ ಅವರ ಗುರುತಿನ ಕಾರ್ಡುಗಳು ಸಿಕ್ಕವು. ಅದರ ಜಾಡು ಹಿಡಿದು ಹೋದಾಗ ವಿಮಾನ ಸಿಕ್ಕಿತು. ಹೊರಟ ಜಾಗದಿಂದ ಸುಮಾರು 65 ಮೈಲಿ, ಅಷ್ಟೇ.

ಅದು ಬದುಕಿ ಉಳಿಯುವಂಥ ಅಪಘಾತವಾಗಿರಲಿಲ್ಲ, ಬೇಗ ಸಿಕ್ಕಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಆದರೆ ಹುಡುಕಲು ಹೋದವರಿಗೆ ಅದು ಗೊತ್ತಿರಲಿಲ್ಲ. ಆ ಬೆಟ್ಟಗಳ ಮೇಲೆ ತಗ್ಗಿನಲ್ಲಿ, ಗಾಳಿಯ ಹೊಡೆತದಲ್ಲಿ, ದಿನಗಟ್ಟಲೆ ಹಾರಿದ ಪೈಲಟ್‌ಗಳು ತಾವೂ ಅಪಾಯದಲ್ಲೇ ಇದ್ದರು. "ನನ್ನ ಜೀವ, ನನ್ನಿಷ್ಟ, ಎಲ್ಲಿಗೆ ಹೋಗ್ತೀನಿ ಅಂತ ಯಾಕೆ ಹೇಳಬೇಕು" ಅನ್ನುವ ವಾದ ನನಗೆ ಒಪ್ಪಿಗೆಯಾಗದಿರುವುದು ಇಲ್ಲೇ.

ಒಂದು ಲೆಕ್ಕ ಹಾಕೋಣ. ಕಷ್ಟದ್ದೇನಲ್ಲ, ಆದರೆ ಇಡೀ ವಿಷಯ ಇದರಲ್ಲೇ ಇದೆ. ಸಣ್ಣ ವಿಮಾನದ ವೇಗ 100 ನಾಟ್ ಅಂತಿಟ್ಟುಕೊಳ್ಳಿ, ಅಂದರೆ ಗಂಟೆಗೆ 185 ಕಿ.ಮೀ. ಟ್ಯಾಂಕ್‌ನಲ್ಲಿ 4 ಗಂಟೆಗೆ ಆಗುವಷ್ಟು ಇಂಧನ. ಪೈಲಟ್ ಯಾರಿಗೂ ಏನೂ ಹೇಳದೆ ಹೋಗಿದ್ದರೆ ಅವರು 740 ಕಿ.ಮೀ. ಒಳಗೆ ಎಲ್ಲಿ ಬೇಕಾದರೂ ಇರಬಹುದು. ಆ ವೃತ್ತದ ವಿಸ್ತೀರ್ಣ ಸುಮಾರು 17 ಲಕ್ಷ ಚದರ ಕಿ.ಮೀ. ಅದೇ ಪೈಲಟ್ 300 ಕಿ.ಮೀ. ದೂರದ ಒಂದು ಊರಿಗೆ ಇಂಥ ದಾರಿಯಲ್ಲಿ ಹೋಗ್ತೀನಿ ಅಂತ ಬರೆದುಕೊಟ್ಟಿದ್ದರೆ, ದಾರಿಯ ಎರಡೂ ಬದಿಗೆ 20 ಕಿ.ಮೀ. ಬಿಟ್ಟರೂ ಹುಡುಕಬೇಕಾದದ್ದು 12,000 ಚದರ ಕಿ.ಮೀ. ಹತ್ತು ನಿಮಿಷಕ್ಕೊಮ್ಮೆ ಸ್ಥಳ ಕಳಿಸುವ ಟ್ರ್ಯಾಕರ್ ಇದ್ದರೆ ಕೊನೆಯ ಚುಕ್ಕೆಯಿಂದ 31 ಕಿ.ಮೀ. ದೂರದೊಳಗೆ, ಸುಮಾರು 3,000 ಚದರ ಕಿ.ಮೀ. ಎರಡೂವರೆ ನಿಮಿಷಕ್ಕೊಮ್ಮೆ ಕಳಿಸುವಂತೆ ಸೆಟ್ ಮಾಡಿದ್ದರೆ? 190 ಚದರ ಕಿ.ಮೀ. ಹಿಂದಿನ ಚುಕ್ಕೆಗಳನ್ನು ನೋಡಿದರೆ ಯಾವ ದಿಕ್ಕಿಗೆ ಹೋಗುತ್ತಿದ್ದರು ಅಂತಲೂ ಗೊತ್ತಾಗುತ್ತದೆ, ಆಗ ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಬಿಟ್ಟುಬಿಡಬಹುದು. ಬ್ಯಾಟರಿ ಉಳಿಸೋಣ, ಟ್ರ್ಯಾಕರ್ ಚಂದಾದ ದುಡ್ಡು ಉಳಿಸೋಣ ಅಂತ ಹತ್ತು ನಿಮಿಷದ ಸೆಟ್ಟಿಂಗ್‌ನಲ್ಲೇ ಬಿಡುವವರು ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಹುಡುಕುವ ಜಾಗದ ಮಾತು ಇದಾಯಿತು. ಹೊತ್ತಿನ ಲೆಕ್ಕ ಇದಕ್ಕಿಂತ ಕಠಿಣ. ಗಾಯಗೊಂಡವರು ಬದುಕಿ ಉಳಿಯುವ ಸಾಧ್ಯತೆ ಮೊದಲ 24 ಗಂಟೆಯಲ್ಲೇ 80 ಶೇಕಡಾದಷ್ಟು ಕುಸಿಯಬಹುದು ಅಂತ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಪೈಲಟ್‌ಗಳಿಗೆ ಕೊಡುವ ಕೈಪಿಡಿಯಲ್ಲೇ ಬರೆದಿದೆ. ಗಾಯವೇ ಆಗದವರಿಗೂ ಮೂರು ದಿನ ದಾಟಿದ ಮೇಲೆ ಆಸೆ ಬೇಗ ಕರಗುತ್ತದೆ. ಹಾಗಾಗಿ ಎಲ್ಲಿದ್ದಾರೆ ಅನ್ನುವುದರ ಜೊತೆಗೆ, ಕಾಣೆಯಾಗಿದ್ದಾರೆ ಅಂತ ಯಾರಿಗಾದರೂ ಎಷ್ಟು ಹೊತ್ತಿಗೆ ಹೊಳೆಯುತ್ತದೆ ಅನ್ನುವುದೂ ಅಷ್ಟೇ ಮುಖ್ಯ.

ಫ್ಲೈಟ್ ಪ್ಲಾನ್ ಇರುವುದು ಇದಕ್ಕೇ. ಉಪಕರಣ ನೋಡಿ ಹಾರುವ ಐಎಫ್‌ಆರ್ ವಿಮಾನಗಳ ಮೇಲೆ ಏರ್ ಟ್ರಾಫಿಕ್ ಕಂಟ್ರೋಲ್ ಹೇಗೂ ಕಣ್ಣಿಟ್ಟಿರುತ್ತದೆ. ಹೊರಗೆ ನೋಡಿಕೊಂಡು ಹಾರುವ ವಿಎಫ್‌ಆರ್ ಪೈಲಟ್‌ಗಳ ಕಥೆ ಬೇರೆ. ವಿಎಫ್‌ಆರ್ ಪ್ಲಾನ್ ಫೈಲ್ ಮಾಡಿದರೆ ಯಾರೋ ರೇಡಾರ್ ಮುಂದೆ ಕೂತು ನಮ್ಮನ್ನೇ ನೋಡುತ್ತಿರುತ್ತಾರೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಯಾರೂ ನೋಡುತ್ತಿರುವುದಿಲ್ಲ. ಅದು ಒಂದು ಅಲಾರಂ ಮಾತ್ರ. ನೀವು ಹೇಳಿದ ಹೊತ್ತಿಗೆ "ಇಳಿದೆ" ಅಂತ ತಿಳಿಸದಿದ್ದರೆ ಅದು ಹೊಡೆದುಕೊಳ್ಳುತ್ತದೆ.

ಅಲಾರಂ ಎಷ್ಟು ಹೊತ್ತಿಗೆ ಹೊಡೆಯಬೇಕು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಹೇಳಿದ ಹೊತ್ತು ದಾಟಿ 30 ನಿಮಿಷವಾದರೂ ಪ್ಲಾನ್ ಕ್ಲೋಸ್ ಆಗದಿದ್ದರೆ ಈ ಪ್ಲಾನ್‌ಗಳನ್ನು ನೋಡಿಕೊಳ್ಳುವ ಫ್ಲೈಟ್ ಸರ್ವಿಸ್ ವಿಚಾರಣೆ ಶುರು ಮಾಡುತ್ತದೆ. ಕೆನಡಾದಲ್ಲಿ ಹೊರಟ ಏರೋಡ್ರೋಮ್‌ನಿಂದ 25 ನಾಟಿಕಲ್ ಮೈಲಿಗಿಂತ ದೂರ ಹೋಗುವುದಾದರೆ ಫ್ಲೈಟ್ ಪ್ಲಾನ್ ಅಥವಾ ಫ್ಲೈಟ್ ಇಟಿನರರಿ, ಎರಡರಲ್ಲಿ ಒಂದು ಕಡ್ಡಾಯ. ಪ್ಲಾನ್ ಆದರೆ ಒಂದು ಗಂಟೆ ತಡವಾದ ಕೂಡಲೇ ಎಚ್ಚರಿಕೆ ಹೋಗುತ್ತದೆ. ಇಟಿನರರಿಯನ್ನು ನಂಬಿಕಸ್ಥ ಒಬ್ಬರ ಕೈಗೂ ಕೊಡಬಹುದು, ಆದರೆ ಅದರಲ್ಲಿ ನೀವೇ ಒಂದು ಹೊತ್ತು ನಮೂದಿಸದಿದ್ದರೆ ಎಚ್ಚರಿಕೆ ಹೋಗುವುದು 24 ಗಂಟೆಯ ಮೇಲೆ. ಮೇಲಿನ 80 ಶೇಕಡಾ ನೆನಪಿದೆಯಲ್ವಾ? ಒಂದು ಖಾನೆ ಖಾಲಿ ಬಿಟ್ಟರೆ ಆ ಇಡೀ ದಿನ ಯಾರೂ ಹುಡುಕಲು ಹೊರಡದೇ ಇರಬಹುದು. ಆಸ್ಟ್ರೇಲಿಯಾದಲ್ಲಿ ಸಾರ್‌ಟೈಮ್ ಅಂತ ಒಂದು ವ್ಯವಸ್ಥೆ ಇದೆ. ಇಷ್ಟು ಗಂಟೆಯೊಳಗೆ ನಾನು ಕರೆ ಮಾಡದಿದ್ದರೆ ಹುಡುಕಿ ಅಂತ ಮೊದಲೇ ಹೇಳಿಡುವುದು. ಯಾರ ಹತ್ತಿರವಾದರೂ ಫ್ಲೈಟ್ ನೋಟ್ ಬಿಟ್ಟು ಹೋಗುವುದಕ್ಕೂ ಅಲ್ಲಿ ಅವಕಾಶ ಇದೆ.

ಹಾಗಿದ್ದರೂ ಯಾಕೆ ಫೈಲ್ ಮಾಡುವುದಿಲ್ಲ? ಕೇಳಿದರೆ ಬರುವ ಉತ್ತರ ಹೆಚ್ಚುಕಮ್ಮಿ ಒಂದೇ. ಇಳಿದ ಮೇಲೆ ಕ್ಲೋಸ್ ಮಾಡಲು ಮರೆತರೆ? ಸುಮ್ನೆ ಹೆಲಿಕಾಪ್ಟರ್ ಹಾರಿಸಿಬಿಟ್ಟರೆ? ಮಾನ ಹೋಗಲ್ವಾ?

ಹಾಗೇನೂ ಆಗುವುದಿಲ್ಲ. ಮೊದಲು ಆಗುವುದು ಫೋನ್ ಕಾಲ್. ಪ್ಲಾನ್‌ನಲ್ಲಿರುವ ನಿಮ್ಮ ನಂಬರಿಗೆ, ಆಮೇಲೆ ನೀವು ಇಳಿಯಬೇಕಿದ್ದ ಏರ್‌ಪೋರ್ಟಿಗೆ, ಆಮೇಲೆ ದಾರಿಯಲ್ಲಿ ಸಿಗುವ ಬೇರೆ ಏರ್‌ಪೋರ್ಟುಗಳಿಗೆ. ಹೊರಗೆ ಹೋಗಿ ಇಂಥ ನಂಬರಿನ ವಿಮಾನ ನಿಂತಿದೆಯಾ ನೋಡಿ ಬನ್ನಿ ಅಂತ ಕೇಳುತ್ತಾರೆ. ವಿಮಾನ ಅಲ್ಲೇ ನಿಂತಿದ್ದರೆ ವಿಷಯ ಅಲ್ಲಿಗೇ ಮುಗಿಯಿತು. ಮರೆವಿಗೆ ಸಿಗುವ ಶಿಕ್ಷೆ ಬಹುತೇಕ ಒಂದು ಮುಜುಗರದ ಫೋನ್ ಸಂಭಾಷಣೆ. ಫೋನ್‌ನಲ್ಲಿ ಒಂದು ರಿಮೈಂಡರ್ ಇಟ್ಟುಕೊಂಡರೆ ಅದೂ ಇಲ್ಲ.

ಮರೆಯುವುದರಲ್ಲಿ ಇನ್ನೊಂದು ಬಗೆ ಇದೆ, ಅದು ನಿಜಕ್ಕೂ ಅಪಾಯದ್ದು. ಅಮೆರಿಕದಲ್ಲಿ ವಿಎಫ್‌ಆರ್ ಪ್ಲಾನ್ ಫೈಲ್ ಮಾಡಿದರೆ ಸಾಲದು, ಹೊರಟ ಮೇಲೆ ಆಕ್ಟಿವೇಟ್ ಮಾಡಬೇಕು. ಮಾಡದಿದ್ದರೆ ಅದು ಸಿಸ್ಟಮ್‌ನಲ್ಲಿ ಸುಮ್ಮನೆ ಬಿದ್ದಿರುತ್ತದೆ. ನೀವು ಹೊರಟೇ ಇಲ್ಲ ಅಂತ ಅದರ ಲೆಕ್ಕ. ಪೈಲಟ್ ಮಾತ್ರ ಪ್ಲಾನ್ ಇದೆ ಅನ್ನುವ ಧೈರ್ಯದಲ್ಲಿ ಬೆಟ್ಟದ ಮೇಲೆ ಹಾರುತ್ತಿರುತ್ತಾರೆ.

ದಿನವಿಡೀ ನಾಲ್ಕು ಕಡೆ ಇಳಿದು ಹತ್ತಿ ಸಂಜೆ ಮನೆಗೆ ಬರುವ ಪ್ರಯಾಣಕ್ಕೆ ಒಂದೇ ಪ್ಲಾನ್ ಹಾಕಿ, ಸಂಜೆ ಏಳು ಅಂತ ಬರೆದುಬಿಡುವ ಅಭ್ಯಾಸವೂ ಕೆಲವರಿಗಿದೆ. ಬೆಳಿಗ್ಗೆ ಒಂಬತ್ತಕ್ಕೆ ಬಿದ್ದರೆ ಏಳೂವರೆವರೆಗೆ ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಕತ್ತಲು. ಒಂದೊಂದು ಹಂತಕ್ಕೂ ಬೇರೆ ಬೇರೆ ಪ್ಲಾನ್ ಹಾಕುವುದೇ ಸರಿ. ಬೇಸರದ ಕೆಲಸ, ನಿಜ. ಅದೇ ಪ್ಲಾನ್‌ನ ಕೊನೆಯಲ್ಲಿ ವಿಮಾನದ ಬಣ್ಣ, ಎಷ್ಟು ಜನ, ಎಷ್ಟು ಗಂಟೆಯ ಇಂಧನ, ಜೊತೆಗಿರುವ ತುರ್ತು ಸಾಮಾನು ಏನೇನು ಅಂತ ಕೇಳುವ ಭಾಗವನ್ನೂ ಜನ ಅವಸರದಲ್ಲಿ ಏನೋ ಒಂದು ಗೀಚಿ ಬಿಡುತ್ತಾರೆ. ಮರಗಳ ನಡುವೆ ಬಿದ್ದಿರುವ ವಿಮಾನವನ್ನು ಮೇಲಿಂದ ನೋಡುವವರಿಗೆ ಮೊದಲು ಕಣ್ಣಿಗೆ ಬೀಳಬೇಕಾದದ್ದು ಬಣ್ಣ. ಬಿಳಿ ವಿಮಾನ ಅಂತ ಬರೆದಿದ್ದು, ಹೋದ ವರ್ಷ ಅದಕ್ಕೆ ಹಸಿರು ಪೇಂಟ್ ಹೊಡೆಸಿದ್ದರೆ ಅವರು ಏನನ್ನು ಹುಡುಕಬೇಕು ಹೇಳಿ.

ಇಷ್ಟಕ್ಕೂ ವಿಮಾನದಲ್ಲಿ ಇಎಲ್‌ಟಿ ಇದೆಯಲ್ಲ, ಬಿದ್ದರೆ ಅದೇ ಕೂಗಿಕೊಳ್ಳುತ್ತಲ್ಲ ಅನ್ನುವವರಿದ್ದಾರೆ. ಇಎಲ್‌ಟಿ ಅಂದರೆ ಅಪಘಾತದ ಹೊಡೆತಕ್ಕೆ ತಾನಾಗಿಯೇ ಚಾಲೂ ಆಗುವ ತುರ್ತು ಟ್ರಾನ್ಸ್‌ಮಿಟರ್. 1972ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸದರಾದ ಹೇಲ್ ಬಾಗ್ಸ್ ಮತ್ತು ನಿಕ್ ಬೆಗಿಚ್ ಇದ್ದ ಸೆಸ್ನಾ 310 ವಿಮಾನ ಅಲಾಸ್ಕಾದಲ್ಲಿ ಆಂಕರೇಜ್‌ನಿಂದ ಜೂನೋಗೆ ಹೋಗುವಾಗ ಕಾಣೆಯಾಯಿತು. 39 ದಿನ ಹುಡುಕಿದರು, ಇವತ್ತಿನವರೆಗೂ ಸಿಕ್ಕಿಲ್ಲ. ಇಂಥ ಘಟನೆಗಳ ಹಿನ್ನೆಲೆಯಲ್ಲಿ ಅಮೆರಿಕದ ಸಣ್ಣ ವಿಮಾನಗಳಿಗೆ ಇಎಲ್‌ಟಿ ಕಡ್ಡಾಯವಾಯಿತು. ಆಮೇಲೆ ಅಮೆರಿಕ, ಕೆನಡಾ, ಫ್ರಾನ್ಸ್, ಸೋವಿಯತ್ ಒಕ್ಕೂಟ ಸೇರಿ ಕೋಸ್ಪಾಸ್-ಸಾರ್ಸಾಟ್ ಉಪಗ್ರಹ ವ್ಯವಸ್ಥೆ ಕಟ್ಟಿದವು. ಶೀತಲ ಸಮರದ ನಡುವೆ ಈ ಒಂದು ಕೆಲಸಕ್ಕೆ ಅವರು ಒಟ್ಟಾಗಿದ್ದೇ ಒಂದು ಸೋಜಿಗ. 1982ರಲ್ಲಿ ಮೊದಲ ಉಪಗ್ರಹ ಹಾರಿತು, ಅದೇ ಸೆಪ್ಟೆಂಬರ್‌ನಲ್ಲಿ ಕೆನಡಾದಲ್ಲಿ ಬಿದ್ದ ಒಂದು ಸಣ್ಣ ವಿಮಾನದ ಮೂವರು ಅದರಿಂದ ಬದುಕಿದರು.

ಹಳೇ ಇಎಲ್‌ಟಿಗಳು 121.5 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತಿದ್ದವು. ಯಾರ ವಿಮಾನ ಅಂತ ಹೇಳುತ್ತಿರಲಿಲ್ಲ, ಜಾಗವನ್ನೂ ಅಂದಾಜಿನಲ್ಲೇ ಹೇಳುತ್ತಿದ್ದವು, ಸುಳ್ಳು ಅಲಾರಂಗಳಂತೂ ಲೆಕ್ಕವಿಲ್ಲ. 2009ರ ಫೆಬ್ರವರಿ 1ರಿಂದ ಉಪಗ್ರಹಗಳು ಆ ಸಿಗ್ನಲ್ ಕೇಳುವುದನ್ನೇ ನಿಲ್ಲಿಸಿವೆ. ಈಗ ಉಪಗ್ರಹ ಕೇಳುವುದು 406 ಮೆಗಾಹರ್ಟ್ಸ್ ಮಾತ್ರ. ಅದರಲ್ಲಿ ಪ್ರತಿ ಸಾಧನಕ್ಕೂ ಬೇರೆ ಗುರುತಿನ ಸಂಖ್ಯೆ ಇದೆ. ಜಿಪಿಎಸ್ ಸೇರಿಸಿದ್ದರೆ ಜಾಗವೂ ನೂರು ಮೀಟರಿನ ಆಸುಪಾಸಿನಲ್ಲಿ ಸಿಗುತ್ತದೆ. ಹಳೇ 121.5 ಪೆಟ್ಟಿಗೆಯನ್ನೇ ಇಟ್ಟುಕೊಂಡು ಹಾರುತ್ತಿರುವವರ ಕೂಗು ಕೇಳಬೇಕೆಂದರೆ ಮೇಲೆ ಹೋಗುತ್ತಿರುವ ಬೇರೆ ಯಾವುದೋ ವಿಮಾನದ ಪೈಲಟ್ ಆ ಹೊತ್ತಿಗೆ ಆ ಫ್ರೀಕ್ವೆನ್ಸಿಯಲ್ಲಿ ಕಿವಿ ಕೊಟ್ಟಿರಬೇಕು.

ಆದರೆ 406 ಇದ್ದರೂ ಅದು ಅಪಘಾತ ಆದ ಮೇಲೆ ಕೆಲಸ ಮಾಡಬೇಕಾದ ಪೆಟ್ಟಿಗೆ ಅನ್ನುವುದು ಬದಲಾಗಲಿಲ್ಲ. ಆಂಟೆನಾ ಮುರಿಯಬಹುದು, ಕೇಬಲ್ ಕಿತ್ತುಬರಬಹುದು, ಬೆಂಕಿ ಹತ್ತಬಹುದು, ವಿಮಾನ ನೀರಿನಲ್ಲಿ ಮುಳುಗಬಹುದು. 2015ರಲ್ಲಿ ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ ಬರೀ ಇದನ್ನು ಪರೀಕ್ಷಿಸಲೆಂದೇ ಮೂರು ಸೆಸ್ನಾ 172 ವಿಮಾನಗಳನ್ನು ಎತ್ತರದಿಂದ ಬೀಳಿಸಿ ನೋಡಿದರು.

2010ರ ಆಗಸ್ಟ್ 9ರಂದು ಅಲಾಸ್ಕಾದಲ್ಲಿ ಆಗಿದ್ದನ್ನೇ ನೋಡಿ. ಮಾಜಿ ಸೆನೆಟರ್ ಟೆಡ್ ಸ್ಟೀವನ್ಸ್ ಸೇರಿ ಒಂಬತ್ತು ಜನ ಇದ್ದ ಓಟರ್ ವಿಮಾನ ಮಧ್ಯಾಹ್ನ ಒಂದು ಲಾಡ್ಜ್‌ನಿಂದ ಮೀನು ಹಿಡಿಯುವ ಕ್ಯಾಂಪಿಗೆ ಹೊರಟು ಬೆಟ್ಟಕ್ಕೆ ಬಡಿಯಿತು. ಅದರಲ್ಲಿ 406 ಇಎಲ್‌ಟಿ ಇತ್ತು. ಹೊಡೆತಕ್ಕೆ ಪೆಟ್ಟಿಗೆ ತನ್ನ ಜಾಗದಿಂದ ಕಿತ್ತುಬಂದು ಆಂಟೆನಾದ ಸಂಪರ್ಕ ತಪ್ಪಿತು. ಸಿಗ್ನಲ್ ಯಾರಿಗೂ ತಲುಪಲಿಲ್ಲ. ಸಂಜೆ ಲಾಡ್ಜ್‌ನವರು ಊಟಕ್ಕೆ ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಕೇಳಲು ಕ್ಯಾಂಪಿಗೆ ಫೋನ್ ಮಾಡಿದಾಗ ಗೊತ್ತಾಯಿತು, ಅವರು ಅಲ್ಲಿಗೆ ಬಂದೇ ಇಲ್ಲ. ಅಷ್ಟು ಗೊತ್ತಾದ ಮೇಲೆ ವಿಮಾನ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆದರೆ ಅಪಘಾತವಾಗಿ ಆಗಲೇ ಸುಮಾರು ಐದು ಗಂಟೆ ಕಳೆದಿತ್ತು. ಸ್ಟೀವನ್ಸ್ ಸೇರಿ ಐವರು ಸತ್ತಿದ್ದರು, ನಾಲ್ವರು ಬದುಕಿದ್ದರು, ಮತ್ತು ಆ ನಾಲ್ವರು ಗಾಯದಲ್ಲೇ ರಾತ್ರಿಯೆಲ್ಲ ಆ ಬೆಟ್ಟದ ಮೇಲೆ ಕಳೆಯಬೇಕಾಯಿತು.

ಸಂಜೆ ಫೋನ್ ಮಾಡಿದವರಿಗೆ ಇವರು ಕ್ಯಾಂಪ್ ತಲುಪುವ ಹೊತ್ತು ಇದು, ತಲುಪದಿದ್ದರೆ ವಿಚಾರಿಸಿ ಅಂತ ಮೊದಲೇ ಯಾರಾದರೂ ಹೇಳಿದ್ದರೆ ಆ ಕರೆ ಮೂರು ಗಂಟೆಗೇ ಹೋಗುತ್ತಿತ್ತು.

ಟ್ರ್ಯಾಕರ್ ಇಎಲ್‌ಟಿಗಿಂತ ಬೇರೆಯಾಗುವುದು ಇಲ್ಲಿ. ಅದು ಬೀಳುವ ಮೊದಲೇ ಹೇಳುತ್ತಾ ಹೋಗುತ್ತದೆ. ಬಿದ್ದ ಮೇಲೆ ನುಚ್ಚುನೂರಾದರೂ ಕಳಿಸಿದ ಚುಕ್ಕೆಗಳು ಸರ್ವರ್‌ನಲ್ಲಿ ಉಳಿದಿರುತ್ತವೆ. 2007ರಲ್ಲಿ ಗ್ಲೋಬಲ್‌ಸ್ಟಾರ್ ಉಪಗ್ರಹ ಬಳಸುವ ಸ್ಪಾಟ್ ಬಂತು, ಆಮೇಲೆ ಇರಿಡಿಯಮ್ ಉಪಗ್ರಹ ಬಳಸುವ ಇನ್‌ರೀಚ್ ಬಂತು. ಇರಿಡಿಯಮ್‌ನ 66 ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಭೂಮಿಯನ್ನೆಲ್ಲ ಮುಟ್ಟುತ್ತವೆ. ಇನ್‌ರೀಚ್‌ನಲ್ಲಿ ಎರಡೂ ಕಡೆಯಿಂದ ಮೆಸೇಜ್ ಹೋಗುತ್ತದೆ, ನನ್ನ ಪ್ರಕಾರ ಅದರ ನಿಜವಾದ ಬೆಲೆ ಇರುವುದು ಅಲ್ಲೇ. "ಹೊಲದಲ್ಲಿ ಇಳಿಸಿದ್ದೇನೆ, ಯಾರಿಗೂ ಗಾಯ ಇಲ್ಲ, ಇಂಜಿನ್ ಕೆಟ್ಟಿದೆ" ಅಂತ ಬರೆಯಲು ಆದರೆ ಒಂದು ಜೀಪ್ ಬರುತ್ತದೆ. ಬರೀ ಎಸ್‌ಒಎಸ್ ಬಟನ್ ಒತ್ತಿದರೆ ಅತ್ತ ಕಡೆಯವರು ಅತಿ ಕೆಟ್ಟದ್ದನ್ನೇ ಊಹಿಸಿಕೊಂಡು ಹೊರಡಬೇಕು.

ಅದನ್ನು ಎಲ್ಲಿಡುತ್ತೀರಿ ಅನ್ನುವುದೂ ಒಂದು ವಿಷಯ. ಹಿಂದಿನ ಸೀಟಿನ ಬ್ಯಾಗಿನಲ್ಲಿ, ಜಾಕೆಟ್ಟಿನ ಕೆಳಗೆ ಇಟ್ಟ ಟ್ರ್ಯಾಕರ್‌ಗೆ ಆಕಾಶವೇ ಕಾಣುವುದಿಲ್ಲ. ಮೇಲ್ಗಡೆ ರೆಕ್ಕೆ ಇರುವ ವಿಮಾನದಲ್ಲಂತೂ ಇನ್ನೂ ಕಷ್ಟ. ಮುಂದಿನ ಗಾಜಿನ ಕೆಳಗೆ ಡ್ಯಾಶ್‌ಬೋರ್ಡ್ ಮೇಲೆ, ಜಾರದ ಹಾಗೆ ಅಂಟಿಸಿ, ದಿಕ್ಸೂಚಿಯಿಂದ ದೂರ ಇಡುವುದು ಸರಿ. ಕೈಗೆ ಸಿಗುವ ಪಿಎಲ್‌ಬಿ ಇದ್ದರೆ, ಅಂದರೆ ಒತ್ತಿದರೆ 406ರಲ್ಲಿ ಕೂಗುವ ಸಣ್ಣ ಬೀಕನ್, ಅದು ಮೈಮೇಲೇ ಇರಬೇಕು, ಜೇಬಿನಲ್ಲಿ. ಉರಿಯುವ ವಿಮಾನದಿಂದ ಹಾರಿ ಹೊರಬಂದವರು ಬ್ಯಾಗ್ ತರಲು ಒಳಗೆ ಹೋಗುವುದಿಲ್ಲ. ಪಿಎಲ್‌ಬಿಗೆ ತಿಂಗಳ ಚಂದಾ ಇಲ್ಲ, ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ, ಒತ್ತಿದ ಮೇಲೆ ಕನಿಷ್ಠ 24 ಗಂಟೆ ಕೂಗುತ್ತದೆ. ಆದರೆ ಒತ್ತಲು ಪೈಲಟ್‌ಗೆ ಪ್ರಜ್ಞೆ ಇರಬೇಕು.

ಈಗ ತುಂಬಾ ಜನ ಎಡಿಎಸ್-ಬಿ ಸಾಕು ಅನ್ನುತ್ತಾರೆ, ಅಂದರೆ ವಿಮಾನ ತಾನೆಲ್ಲಿದ್ದೇನೆ ಅಂತ ರೇಡಿಯೋದಲ್ಲಿ ಸಾರುತ್ತಾ ಹೋಗುವ ವ್ಯವಸ್ಥೆ. ಫ್ಲೈಟ್‌ರೇಡಾರ್24 ತರದ ವೆಬ್‌ಸೈಟಿನಲ್ಲಿ ಮನೆಯವರು ನೋಡಿಕೊಳ್ಳುತ್ತಾರೆ ಬಿಡಿ ಅಂತ. ಸಣ್ಣ ವಿಮಾನದ ಸಿಗ್ನಲ್ ಹಿಡಿಯುವುದು ಬಹುಮಟ್ಟಿಗೆ ನೆಲದ ಮೇಲಿನ ರಿಸೀವರ್‌ಗಳು. ನಡುವೆ ಬೆಟ್ಟ ಬಂದರೆ ಅಲ್ಲಿಗೆ ಮುಗಿಯಿತು. ತಗ್ಗಿನಲ್ಲಿ ಕಣಿವೆಯೊಳಗೆ ಹೋದ ಕೂಡಲೇ ಚುಕ್ಕೆ ಮಾಯ. ಇದಕ್ಕಿಂತ ದೊಡ್ಡ ತೊಂದರೆ, ನೋಡುವವರಿಗೆ ಅದು ಅಭ್ಯಾಸವಾಗಿಬಿಡುತ್ತದೆ. ಪ್ರತಿ ಸಲ ಅದೇ ಬೆಟ್ಟದ ಹಿಂದೆ ಮಾಯವಾಗುವ ಚುಕ್ಕೆ ಒಂದು ದಿನ ನಿಜವಾಗಿಯೂ ಮಾಯವಾದರೆ ಯಾರಿಗೂ ಗಾಬರಿಯಾಗುವುದಿಲ್ಲ.

ಟ್ರ್ಯಾಕರ್‌ನ ವಿಷಯದಲ್ಲೂ ಇದೇ ಕಷ್ಟ. ಚುಕ್ಕೆ ಬರುವುದು ನಿಂತರೆ ವಿಮಾನ ಬಿದ್ದಿದೆ ಅಂತಲೋ, ಬ್ಯಾಟರಿ ಸತ್ತಿದೆ ಅಂತಲೋ? ಪೈಲಟ್ ಆನ್ ಮಾಡಲು ಮರೆತಿದ್ದರೆ? ನೆಲದ ಮೇಲಿರುವವರು ಇದನ್ನು ಆ ಗಳಿಗೆಯಲ್ಲಿ ಕೂತು ತೀರ್ಮಾನಿಸಲು ಆಗುವುದಿಲ್ಲ. ಹೆಚ್ಚಿನವರು ಇನ್ನೊಂದು ಅರ್ಧ ಗಂಟೆ ನೋಡೋಣ ಅನ್ನುತ್ತಾರೆ, ಪೈಲಟ್‌ನ ಮೊಬೈಲಿಗೆ ಮತ್ತೆ ಮತ್ತೆ ಫೋನ್ ಮಾಡುತ್ತಾರೆ, ಆಮೇಲೆ ಸುಮ್ನೆ ಗಲಾಟೆ ಯಾಕೆ ಅಂತ ಇನ್ನೊಂದು ಗಂಟೆ ತಳ್ಳುತ್ತಾರೆ. ಅವರ ತಪ್ಪಲ್ಲ. ಏನು ಮಾಡಬೇಕು ಅಂತ ಅವರಿಗೆ ಯಾರೂ ಹೇಳಿಲ್ಲ. ಪೈಲಟ್ ಲಿಂಕ್ ಕಳಿಸಿ ಹೋಗಿದ್ದಾರೆ, ಅಷ್ಟೇ.

ಫ್ಲೈಟ್ ಪ್ಲಾನ್ ಇದ್ದರೆ ಈ ತೀರ್ಮಾನ ಮನೆಯವರ ತಲೆಯ ಮೇಲೆ ಬೀಳುವುದಿಲ್ಲ. ಹೊತ್ತು ದಾಟಿದರೆ ಸಿಸ್ಟಮ್ ತಾನೇ ಎಚ್ಚರಗೊಳ್ಳುತ್ತದೆ, ಅದಕ್ಕೆ ಸಂಕೋಚ ಇಲ್ಲ. ಆಗ ಟ್ರ್ಯಾಕರ್‌ನ ಕೊನೆಯ ಚುಕ್ಕೆ ಹುಡುಕುವವರ ಕೈಗೆ ಸಿಗಬೇಕು. ಅಲಾಸ್ಕಾದಲ್ಲಿ ಎಫ್‌ಎಎಯ ಫ್ಲೈಟ್ ಸರ್ವಿಸ್ ಇದನ್ನು ಒಂದು ವ್ಯವಸ್ಥೆಯಾಗಿಯೇ ಮಾಡಿದೆ. ಪೈಲಟ್ ತನ್ನ ಟ್ರ್ಯಾಕರ್ ಅನ್ನು ಮೊದಲೇ ನೋಂದಾಯಿಸಿದರೆ ಅದರ ತುರ್ತು ಸಂದೇಶ ಅವರಿಗೂ ಹೋಗುತ್ತದೆ. ಇಂಥ ವ್ಯವಸ್ಥೆ ಇಲ್ಲದ ಕಡೆ ಇದನ್ನು ಪೈಲಟ್ ತಾನೇ ಜೋಡಿಸಬೇಕು. ಪ್ಲಾನ್‌ನ ರಿಮಾರ್ಕ್ಸ್ ಜಾಗದಲ್ಲಿ ಟ್ರ್ಯಾಕರ್ ಇದೆ, ನೋಡುತ್ತಿರುವವರ ಫೋನ್ ನಂಬರ್ ಇದು ಅಂತ ಬರೆದರೆ ಆಯಿತು.

ಪ್ಲಾನ್ ಹಾಕದೇ ಹೋಗುವುದಿದ್ದರೆ ಕೊನೇಪಕ್ಷ ಒಂದು ಹಾಳೆ. ವಿಮಾನದ ನಂಬರ್, ಬಣ್ಣ, ಎಷ್ಟು ಜನ, ಯಾವ ದಾರಿ, ಹವಾಮಾನ ಕೆಟ್ಟರೆ ಎಲ್ಲಿ ಇಳಿಯುತ್ತೇನೆ, ಟ್ರ್ಯಾಕರ್‌ನ ಲಾಗಿನ್. ಆಮೇಲೆ ಮುಖ್ಯವಾದ ಸಾಲು: ಇಷ್ಟು ಗಂಟೆಗೆ ನನ್ನಿಂದ ಸುದ್ದಿ ಬರದಿದ್ದರೆ ನನಗೆ ಎರಡು ಸಲ ಫೋನ್ ಮಾಡು, ಎತ್ತದಿದ್ದರೆ ಈ ನಂಬರಿಗೆ ಮಾಡು. ಆ ನಂಬರ್ ಆ ದೇಶದ ರೆಸ್ಕ್ಯೂ ಕೋಆರ್ಡಿನೇಷನ್ ಸೆಂಟರ್‌ನದ್ದಾಗಿರಲಿ, ಫ್ಲೈಯಿಂಗ್ ಕ್ಲಬ್‌ನ ಆಫೀಸಿನದ್ದಲ್ಲ. ಕ್ಲಬ್‌ಗೆ ಸಂಜೆ ಬೀಗ ಬಿದ್ದಿರುತ್ತದೆ. ಹಾಳೆ ಕೊಡುವುದು ಜೊತೆಯಲ್ಲಿ ಹಾರದವರಿಗೆ. ಗಂಡ ಹೆಂಡತಿ ಇಬ್ಬರೂ ಒಂದೇ ವಿಮಾನದಲ್ಲಿ ಹೊರಟು, ಇಬ್ಬರೂ ಒಬ್ಬರಿಗೊಬ್ಬರು ತುರ್ತು ಸಂಪರ್ಕ ಅಂತ ಬರೆದುಕೊಂಡಿರುವುದು ನೀವಂದುಕೊಂಡಷ್ಟು ಅಪರೂಪವಲ್ಲ.

ಬೀಕನ್‌ನ ನೋಂದಣಿಯನ್ನೂ ಒಮ್ಮೆ ತೆರೆದು ನೋಡಿ. 406 ಸಿಗ್ನಲ್ ಬಂದ ಕೂಡಲೇ ರೆಸ್ಕ್ಯೂ ಸೆಂಟರ್‌ನವರು ಮೊದಲು ನೋಡುವುದು ಆ ಸಂಖ್ಯೆ ಯಾರ ಹೆಸರಿನಲ್ಲಿದೆ, ಯಾರಿಗೆ ಫೋನ್ ಮಾಡಬೇಕು ಅಂತ. ಸೆಕೆಂಡ್‌ಹ್ಯಾಂಡ್ ವಿಮಾನ ಕೊಂಡವರಲ್ಲಿ ಎಷ್ಟೋ ಜನರ ಇಎಲ್‌ಟಿ ಇನ್ನೂ ಹಳೇ ಮಾಲೀಕರ ಹೆಸರಿನಲ್ಲೇ ಇರುತ್ತದೆ. ಅವರಿಗೆ ಫೋನ್ ಹೋದರೆ ಅವರು ಹೇಳುವುದು, "ಆ ವಿಮಾನ ಮಾರಿ ವರ್ಷಗಳಾಯ್ತಲ್ಲ ಸ್ವಾಮಿ".